ಸಾಧು ಗಡ್ಡೆಗಳ ಅಸಾಧು ಆಟ

ಬಯಾಪ್ಸಿ ವರದಿಯಲ್ಲಿ ‘ಕ್ಯಾನ್ಸರ್ ಅಲ್ಲ’ ಎಂದಿದ್ದರೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಆ ನಿರಾಳ ತಪ್ಪಲ್ಲ. ಆದರೆ ಕೊಬ್ಬಿನ ಗಡ್ಡೆಯಿಂದ ಬೆರಳು ಸೋಲುವುದುಂಟು, ಅಂಡಾಶಯದ ಗಡ್ಡೆಯಿಂದ ಚಿತ್ತ ಕಲಕುವುದುಂಟು, ಗರ್ಭಕೋಶದ ಗಡ್ಡೆ ಹೃದಯದವರೆಗೆ ಬೆಳೆಯುವುದೂ ಉಂಟು.

ಚಾರ್ಲ್ಸ್ ಮಾರ್ಟೆಲ್ ಅಮೆರಿಕದ ವಾಣಿಜ್ಯ ಹಡಗುಗಳ ಕ್ಯಾಪ್ಟನ್. ಎತ್ತರದ, ಗಟ್ಟಿಮುಟ್ಟಾದ ಆಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಶುರುವಾದ ಮೈಕೈ ನೋವು ಕೆಲವೇ ವರ್ಷಗಳಲ್ಲಿ ಆತನನ್ನು ಹಣ್ಣುಮಾಡಿತು. ಸಣ್ಣಪುಟ್ಟ ಪೆಟ್ಟಿಗೂ ಮೂಳೆ ಮುರಿಯತೊಡಗಿತು. ಮೂತ್ರದಲ್ಲಿ ಕಲ್ಲು ಬರತೊಡಗಿತು. ಬೆನ್ನುಮೂಳೆ ಕುಸಿದು ಎತ್ತರ ಏಳು ಇಂಚು ತಗ್ಗಿತು. 1926ರಲ್ಲಿ ನ್ಯೂಯಾರ್ಕ್‌ನ ವೈದ್ಯ ಯೂಜೀನ್ ಡುಬೊಯಿಸ್ ಆತನ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿರುವುದನ್ನು ಕಂಡು, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳತ್ತ ಬೊಟ್ಟು ಮಾಡಿದರು.

ಶಸ್ತ್ರಚಿಕಿತ್ಸಕರು ಕುತ್ತಿಗೆ ತೆರೆದರು. ಗಡ್ಡೆ ಸಿಗಲಿಲ್ಲ. ಮತ್ತೆ ತೆರೆದರು, ಸಿಗಲಿಲ್ಲ. ಹೀಗೆ ಆರು ಬಾರಿ. ಅಷ್ಟರಲ್ಲಿ ಮಾರ್ಟೆಲ್ ತಾನೇ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ಪುಸ್ತಕಗಳನ್ನು ಓದಿ, ಎದೆಗೂಡಿನೊಳಗೂ ಒಮ್ಮೆ ನೋಡಿ ಎಂದು ಒತ್ತಾಯಿಸಿದ್ದ. 1932ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಏಳನೇ ಬಾರಿಗೆ ಎದೆಮೂಳೆಯನ್ನು ಸೀಳಿ ನೋಡಿದರು. ಸುಮಾರು 3 ಸೆಂಟಿಮೀಟರಿನ ಗಡ್ಡೆ ಅಲ್ಲಿ ಕೂತಿತ್ತು. ತೆಗೆದದ್ದೇನೋ ಆಯಿತು, ಆದರೆ ಕಾಲ ಮೀರಿತ್ತು. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಮಾಡಿದ ಶಸ್ತ್ರಚಿಕಿತ್ಸೆಯ ನಂತರ, ಕೆಲವೇ ವಾರಗಳಲ್ಲಿ ಆತ ತೀರಿಕೊಂಡ.

ಆ ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ. ಅದು ಪ್ಯಾರಾಥೈರಾಯ್ಡ್ ಅಡಿನೋಮ. ಇಂದಿನ ಎಂಡೋಕ್ರೈನ್ ವೈದ್ಯರಿಗೆ ತೀರಾ ಪರಿಚಿತವಾದ, ಸೂಕ್ಷ್ಮದರ್ಶಕದ ಕೆಳಗೆ ಯಾವ ದುರ್ಗುಣವೂ ಕಾಣದ ಸಾಧು ಗಡ್ಡೆ.

ವರದಿ ಹೇಳುವುದೆಷ್ಟು?

ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳನ್ನು ನೋಡಿ ಪ್ಯಾಥಾಲಜಿಸ್ಟ್ ಕೊಡುವ ತೀರ್ಪಿನಲ್ಲಿ ಎರಡು ಮಾತಿರುತ್ತವೆ. ಈ ಕೋಶಗಳು ಪಕ್ಕದ ಅಂಗಾಂಶವನ್ನು ಕೊರೆದು ನುಗ್ಗುವ ಜಾತಿಯಲ್ಲ. ದೂರದ ಅಂಗಗಳಿಗೆ ಹಬ್ಬುವ ಜಾತಿಯೂ ಅಲ್ಲ. ಇದು ಕೋಶಗಳ ಸ್ವಭಾವದ ವರದಿ. ರೋಗಿಯ ಪಾಡು ಏನಾಗುತ್ತದೆ ಎಂಬುದನ್ನು ಬೇರೆ ಸಂಗತಿಗಳು ನಿರ್ಧರಿಸುತ್ತವೆ: ಗಡ್ಡೆ ಕೂತ ಜಾಗ ಯಾವುದು, ಅದು ಏನನ್ನು ಒತ್ತುತ್ತಿದೆ, ರಕ್ತಕ್ಕೆ ಏನನ್ನು ಬಿಡುತ್ತಿದೆ.

ಸಾಧು ಗಡ್ಡೆಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡುವುದಿಲ್ಲ. ಎಷ್ಟೋ ಜನರಿಗೆ ಅವು ತಮ್ಮಲ್ಲಿ ಇವೆಯೆಂಬುದೂ ಗೊತ್ತಿರುವುದಿಲ್ಲ. ಆದರೆ ಈ ಗಡ್ಡೆಗಳು ಲಕ್ಷಾಂತರ ಜನರಲ್ಲಿ ಇರುವುದರಿಂದ, ಅವುಗಳ ‘ಅಪರೂಪ’ದ ಅವತಾರಗಳೂ ಆಸ್ಪತ್ರೆಗಳಿಗೆ ಆಗೀಗ ಬರುತ್ತಲೇ ಇರುತ್ತವೆ. ಬಂದಾಗ ಅವನ್ನು ಗುರುತಿಸಲು ತಡವಾಗುವುದಕ್ಕೆ ಮುಖ್ಯ ಕಾರಣ, ಆ ಗಡ್ಡೆಯ ಬಗ್ಗೆ ನಮಗೂ ವೈದ್ಯರಿಗೂ ಇರುವ ಸಲಿಗೆ. ‘ಅಯ್ಯೋ, ಅದು ಬರೀ ಕೊಬ್ಬಿನ ಗಡ್ಡೆ, ಬಿಡಿ’ ಎನ್ನುವ ಮಾತು ನೂರಕ್ಕೆ ತೊಂಬತ್ತೊಂಬತ್ತು ಸಲ ನಿಜ. ಈ ಲೇಖನ ಉಳಿದ ಒಂದು ಸಲದ ಕುರಿತು.

ಕೊಬ್ಬಿನ ಗಡ್ಡೆ: ಚರ್ಮದಡಿ ಸುಮ್ಮನೆ, ಆಳದಲ್ಲಿ ಬೇರೆ

ಲೈಪೋಮ ಎಂದರೆ ಮೆತ್ತಗಿನ, ಒತ್ತಿದರೆ ಬೆರಳಿನಡಿಯಿಂದ ಜಾರುವ, ನೋವಿಲ್ಲದ ಕೊಬ್ಬಿನ ಗಂಟು. ಬೆನ್ನು, ಭುಜ, ತೋಳು, ಹೊಟ್ಟೆಯ ಚರ್ಮದಡಿ ಇದ್ದರೆ ಅಂದಗೆಡಿಸುವುದು ಬಿಟ್ಟು ಬೇರೇನೂ ಮಾಡದು. ಅದೇ ಕೊಬ್ಬು ಆಳಕ್ಕಿಳಿದರೆ ಕಥೆ ಬದಲಾಗುತ್ತದೆ.

ಮೊಣಕೈಗೆ ಸ್ವಲ್ಪ ಕೆಳಗೆ, ರೇಡಿಯಸ್ ಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು, ಒಂದು ಸ್ನಾಯುವಿನ ಇಕ್ಕಟ್ಟಾದ ಸಂದಿನಲ್ಲಿ ಒಂದು ನರ ಸಾಗುತ್ತದೆ. ಬೆರಳುಗಳನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಹೋಗುವುದು ಇದರ ಮೂಲಕ. ಅಲ್ಲಿ ಮೂಳೆಗೆ ಅಂಟಿಕೊಂಡು ಲೈಪೋಮ ಬೆಳೆದರೆ ನರ ನಿಧಾನವಾಗಿ ಅಪ್ಪಚ್ಚಿಯಾಗುತ್ತದೆ. ರೋಗಿ ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿಯಬಲ್ಲ, ಆದರೆ ಬೆರಳು ಬಿಡಿಸಿ ಕೈಬೀಸಲಾರ. ಮೊದಲು ಒಂದು ಬೆರಳು ಬಾಗುತ್ತದೆ, ಆಮೇಲೆ ಉಳಿದವು. ಜೋಮು ಇಲ್ಲ, ಚರ್ಮದ ಸ್ಪರ್ಶ ಹೋಗಿಲ್ಲ, ಮಣಿಕಟ್ಟು ಮೇಲೇಳುತ್ತದೆ. ನೋಡಿದವರು ಲಕ್ವ ಎನ್ನುತ್ತಾರೆ, ಇಲ್ಲವೇ ಕುತ್ತಿಗೆಯ ಡಿಸ್ಕ್ ಜಾರಿದೆ ಎಂದು ಅಲ್ಲಿಗೆ ಸ್ಕ್ಯಾನ್ ಬರೆಯುತ್ತಾರೆ. ಗಡ್ಡೆ ಸ್ನಾಯುವಿನ ಅಡಿಯಲ್ಲಿರುವುದರಿಂದ ಕೈಯಾಡಿಸಿದರೂ ಸುಲಭಕ್ಕೆ ಸಿಗದು. ಮುಂಗೈಗೆ ಎಂಆರ್‌ಐ ಮಾಡಿದರೆ ಬೆಳ್ಳಗೆ ಹೊಳೆಯುವ ಕೊಬ್ಬು ಕಣ್ಣಿಗೆ ಬೀಳುತ್ತದೆ. ಬೇಗ ತೆಗೆದರೆ ಬೆರಳು ಮರಳಿ ಏಳುವ ಭರವಸೆ ಹೆಚ್ಚು. ತಡವಾದಷ್ಟೂ ಸ್ನಾಯು ಸೊರಗುತ್ತದೆ.

ಕರುಳಿನ ಗೋಡೆಯಲ್ಲಿ ಬೆಳೆಯುವ ಲೈಪೋಮದ ಉಪಟಳ ಇನ್ನೊಂದು ಬಗೆಯದು. 2 ಸೆಂಟಿಮೀಟರ್ ಮೀರಿದ ಮೇಲೆ ಕರುಳಿನ ಅಲೆಯಂಥ ಚಲನೆ ಅದನ್ನು ಆಹಾರವೆಂದೇ ಭಾವಿಸಿ ಮುಂದೆ ತಳ್ಳತೊಡಗುತ್ತದೆ. ಗಡ್ಡೆಯ ಜತೆ ಗೋಡೆಯೂ ಎಳೆದುಕೊಂಡು ಹೋಗಿ, ಅಂಗಿಯ ತೋಳು ಒಳಮಗುಚಿದಂತೆ, ಕರುಳಿನ ಒಂದು ತುಂಡು ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. ಮಕ್ಕಳಲ್ಲಿ ಈ ತೊಂದರೆ ಗಡ್ಡೆಯಿಲ್ಲದೆಯೂ ಬರುತ್ತದೆ. ದೊಡ್ಡವರಲ್ಲಿ ಬಂದರೆ ಹಿಂದೆ ಏನೋ ಕಾರಣವಿದೆ ಎಂದೇ ಅರ್ಥ, ಮತ್ತು ಮೊದಲ ಅನುಮಾನ ಕ್ಯಾನ್ಸರಿನ ಮೇಲೆ. ತಿಂಗಳುಗಟ್ಟಲೆ ಬಂದುಹೋಗುವ ಹೊಟ್ಟೆನುಲಿತ, ಮಲದಲ್ಲಿ ರಕ್ತ, ಆಮೇಲೊಂದು ದಿನ ಕರುಳು ಕಟ್ಟಿಕೊಂಡು ತುರ್ತು ಶಸ್ತ್ರಚಿಕಿತ್ಸೆ. ಸಿಟಿ ಸ್ಕ್ಯಾನಿನಲ್ಲಿ ಕೊಬ್ಬಿನ ಸಾಂದ್ರತೆ ಕಂಡಾಗಲಷ್ಟೇ ಅಪರಾಧಿ ಯಾರೆಂದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಎಳೆಮಗುವಿನ ಕೆಳಬೆನ್ನಿನಲ್ಲಿ. ಬೆನ್ನುಹುರಿಯ ನೇರಕ್ಕೆ, ಸೊಂಟದ ಹತ್ತಿರ, ಮೆತ್ತಗಿನ ಉಬ್ಬು. ಅದರ ಮೇಲೆ ಕೂದಲ ಗೊಂಚಲೋ, ಸಣ್ಣ ಗುಳಿಯೋ, ಕೆಂಪು ಮಚ್ಚೆಯೋ ಇರಬಹುದು. ‘ಕೊಬ್ಬಿನ ಗಡ್ಡೆ, ದೊಡ್ಡವನಾದ ಮೇಲೆ ತೆಗೆಸಿದರಾಯಿತು’ ಎನ್ನುವವರೇ ಹೆಚ್ಚು. ಆದರೆ ಹುಟ್ಟುವ ಮೊದಲೇ ಬೆನ್ನುಹುರಿ ರೂಪುಗೊಳ್ಳುವಾಗ ಆದ ಲೋಪದಿಂದ ಆ ಕೊಬ್ಬು ಮೂಳೆಯ ಸಂದಿಯಲ್ಲಿ ಒಳಹೊಕ್ಕು ಬೆನ್ನುಹುರಿಗೇ ಅಂಟಿಕೊಂಡಿರಬಹುದು. ಮಗು ಬೆಳೆದು ಎತ್ತರವಾದಂತೆ ಅಂಟಿಕೊಂಡ ಹುರಿ ಜಗ್ಗಿದಂತಾಗುತ್ತದೆ. ನಿಂತುಹೋಗಿದ್ದ ಹಾಸಿಗೆಯ ಮೂತ್ರ ಮತ್ತೆ ಶುರುವಾಗುವುದು, ಒಂದು ಪಾದ ಸೊಟ್ಟಗಾಗುವುದು, ನಡಿಗೆ ಎಡವುವುದು ಇದರ ಸೂಚನೆಗಳು. ಇಂಥ ಉಬ್ಬಿಗೆ ಎಂಆರ್‌ಐ ಮಾಡದೆ, ನರಶಸ್ತ್ರಚಿಕಿತ್ಸಕರಿಗೆ ತೋರಿಸದೆ ಯಾರೂ ಚಾಕು ಹಾಕಬಾರದು.

ಫೈಬ್ರಾಯ್ಡ್: ನಿಯಮ ಮುರಿಯುವ ಗಡ್ಡೆ

‘ಗರ್ಭಕೋಶದಲ್ಲಿ ಗಂಟಿದೆಯಂತೆ, ಸ್ಕ್ಯಾನಿಂಗ್‌ನಲ್ಲಿ ಬಂತು.’ ಈ ಮಾತು ಕೇಳದ ಮನೆ ಕಡಿಮೆ. ಅಮೆರಿಕದ ಅಧ್ಯಯನವೊಂದರ ಪ್ರಕಾರ 50ರ ವಯಸ್ಸಿನ ಹೊತ್ತಿಗೆ ಶೇ 70ರಿಂದ 80ರಷ್ಟು ಹೆಂಗಸರ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇರುತ್ತದೆ. ಮುಟ್ಟಿನಲ್ಲಿ ಅತಿ ರಕ್ತಸ್ರಾವ, ಅದರಿಂದ ರಕ್ತಹೀನತೆ, ಕೆಳಹೊಟ್ಟೆ ಭಾರ. ಇದು ಎಲ್ಲರಿಗೂ ಗೊತ್ತಿರುವ ಚಿತ್ರ.

ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಇದೆ. ಕೆಲವು ದೊಡ್ಡ ಫೈಬ್ರಾಯ್ಡ್‌ಗಳು ಎರಿತ್ರೊಪೊಯಿಟಿನ್ ಎಂಬ ಹಾರ್ಮೋನನ್ನು ತಾವೇ ತಯಾರಿಸುತ್ತವೆ. ಮೂತ್ರಪಿಂಡ ಮಾಡಬೇಕಾದ ಕೆಲಸವದು. ಮೂಳೆಮಜ್ಜೆಗೆ ‘ಕೆಂಪು ರಕ್ತಕಣ ಹೆಚ್ಚಿಸು’ ಎಂಬ ಆದೇಶ ಎಡೆಬಿಡದೆ ಹೋಗುತ್ತದೆ. ಹಿಮೋಗ್ಲೋಬಿನ್ ಇಳಿಯಬೇಕಾದವರಲ್ಲಿ ಅದು ವಿಪರೀತ ಏರುತ್ತದೆ, ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯ ಬರುತ್ತದೆ. ರಕ್ತದ ಕಾಯಿಲೆ ಎಂದು ಎಲ್ಲೆಲ್ಲೋ ಹುಡುಕಾಟ ನಡೆಯುತ್ತದೆ. ಗಡ್ಡೆ ತೆಗೆದ ಮೇಲೆ ಹಿಮೋಗ್ಲೋಬಿನ್ ತಾನಾಗಿ ಸರಿಹೋಗುತ್ತದೆ.

ಇನ್ನು ಗರ್ಭಕೋಶ ಬಿಟ್ಟು ಹೊರಟ ಫೈಬ್ರಾಯ್ಡ್‌ಗಳ ಕಥೆ. ಸಾಧು ಗಡ್ಡೆ ಹಬ್ಬುವುದಿಲ್ಲ ಎಂಬ ನಿಯಮವನ್ನು ಇವು ಮುರಿದಿವೆ. ಅದರಲ್ಲೊಂದು ಬಗೆ ರಕ್ತನಾಳದೊಳಕ್ಕೇ ಬೆಳೆಯುತ್ತದೆ. 1896ರಲ್ಲೇ ವರದಿಯಾದ ಈ ಸ್ಥಿತಿಯಲ್ಲಿ ಗಡ್ಡೆಯ ಎಳೆ ಗರ್ಭಕೋಶದ ಅಭಿಧಮನಿಯನ್ನು ಹೊಕ್ಕು, ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಮೇಲಕ್ಕೆ ಸಾಗಿ, ಹೃದಯದ ಬಲ ಕೋಣೆಯವರೆಗೂ ತಲುಪಬಲ್ಲದು. ರೋಗಿ ಬರುವುದು ಕಾಲು ಊದಿಕೊಂಡು, ಏದುಸಿರು ಬಿಡುತ್ತಾ, ಇಲ್ಲವೇ ಎಚ್ಚರ ತಪ್ಪಿ ಬಿದ್ದು. ಎಕೋದಲ್ಲಿ ಕಾಣುವ ವಸ್ತುವನ್ನು ಹೆಪ್ಪುಗಟ್ಟಿದ ರಕ್ತ ಎಂದೋ, ಹೃದಯದ್ದೇ ಗಡ್ಡೆ ಎಂದೋ ಭಾವಿಸಿದರೆ ಆಶ್ಚರ್ಯವಿಲ್ಲ. ಬೇರು ಹೊಟ್ಟೆಯ ಕೆಳಗಿದೆ ಎಂದು ಹೊಳೆಯಬೇಕಾದರೆ ಹಿಂದೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿತ್ತೇ ಎಂಬ ಪ್ರಶ್ನೆ ಕೇಳಬೇಕು.

ಇನ್ನೊಂದು ಬಗೆಯದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. 1939ರಲ್ಲಿ ಸ್ಟೈನರ್ ಎಂಬ ವೈದ್ಯರು ವಿವರಿಸಿದ ಸ್ಥಿತಿಯಿದು. ಫೈಬ್ರಾಯ್ಡ್‌ಗೆಂದು ಗರ್ಭಕೋಶ ತೆಗೆಸಿ ಎಷ್ಟೋ ವರ್ಷಗಳಾದ ಮೇಲೆ, ಬೇರಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ದುಂಡಗಿನ ಕಲೆಗಳು. ನೋಡಿದವರಿಗೆಲ್ಲ ಇದು ಹರಡಿದ ಕ್ಯಾನ್ಸರ್ ಅನ್ನಿಸುತ್ತದೆ. ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಮಾತ್ರ ಗರ್ಭಕೋಶದ ನಯವಾದ ಸ್ನಾಯುಕೋಶಗಳು, ಅವುಗಳಲ್ಲಿ ಈಸ್ಟ್ರೋಜನ್ ಗ್ರಾಹಕಗಳು. ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ: ಕೀಮೋಥೆರಪಿಯ ಬದಲು ಹಾರ್ಮೋನನ್ನು ತಗ್ಗಿಸುವ ಔಷಧ, ಎಷ್ಟೋ ಸಲ ಬರೀ ಗಮನಿಸುತ್ತಾ ಇರುವುದು.

ಮೂರನೆಯದಕ್ಕೆ ನಮ್ಮ ತಂತ್ರಜ್ಞಾನವೂ ಕಾರಣ. ಲ್ಯಾಪರೊಸ್ಕೋಪಿಯ ಚಿಕ್ಕ ರಂಧ್ರದಿಂದ ದೊಡ್ಡ ಗಡ್ಡೆ ತೆಗೆಯಲು ಅದನ್ನು ಹೊಟ್ಟೆಯೊಳಗೇ ಯಂತ್ರದಿಂದ ಕತ್ತರಿಸುವ ಪದ್ಧತಿ ಬಂತು. ಆಗ ಚೆದುರಿ ಉಳಿದ ಚೂರುಗಳು ಹೊಟ್ಟೆಯ ಪೊರೆಗೋ ಕರುಳಿಗೋ ಅಂಟಿಕೊಂಡು ಅಲ್ಲೇ ರಕ್ತ ಪಡೆದು ಬೆಳೆದ ಉದಾಹರಣೆಗಳಿವೆ. ಫೈಬ್ರಾಯ್ಡ್ ಎಂದು ನಂಬಿದ್ದು ಅಪರೂಪಕ್ಕೆ ಕ್ಯಾನ್ಸರ್ ಆಗಿದ್ದರೆ ಅದೂ ಹಾಗೆಯೇ ಚೆದುರುತ್ತದೆ. ಈ ಭಯದಿಂದಲೇ ಅಮೆರಿಕದ ಎಫ್‌ಡಿಎ 2014ರಲ್ಲಿ ಈ ಯಂತ್ರಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಈಗ ಗಡ್ಡೆಯನ್ನು ಚೀಲದೊಳಗೆ ಹಾಕಿ ಕತ್ತರಿಸುವ ವಿಧಾನವಿದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಆ ಬಗ್ಗೆ ಕೇಳುವ ಹಕ್ಕು ರೋಗಿಗಿದೆ.

ಅಂಡಾಶಯದಲ್ಲಿ ಗಡ್ಡೆ, ಮಿದುಳಿನಲ್ಲಿ ಬಿರುಗಾಳಿ

ಡರ್ಮಾಯ್ಡ್ ಎಂಬ ಅಂಡಾಶಯದ ಗಡ್ಡೆಯನ್ನು ಸೀಳಿದರೆ ಒಳಗೆ ಜಿಡ್ಡು, ಕೂದಲು, ಕೆಲವೊಮ್ಮೆ ಹಲ್ಲು. ನೋಡಿದವರು ಬೆಚ್ಚಿಬಿದ್ದರೂ ಅದು ಸಾಧುವೇ. ಯಾವ ಅಂಗಾಂಶವಾದರೂ ಆಗಬಲ್ಲ ಮೂಲಕೋಶದಿಂದ ಹುಟ್ಟುವುದರಿಂದ ಅದರೊಳಗೆ ಏನು ಬೇಕಾದರೂ ಇರಬಹುದು. ಥೈರಾಯ್ಡ್ ಅಂಗಾಂಶವೇ ತುಂಬಿದ್ದರೆ, ಕುತ್ತಿಗೆಯ ಗ್ರಂಥಿ ತಣ್ಣಗಿದ್ದರೂ ಎದೆ ಡವಗುಟ್ಟಿ, ಕೈ ನಡುಗಿ, ಮೈ ಇಳಿಯಬಹುದು. ನರಕೋಶಗಳಿದ್ದರೆ? ಅದಕ್ಕೆ ಉತ್ತರ ಸಿಕ್ಕಿ ಇನ್ನೂ ಎರಡು ದಶಕವಷ್ಟೇ ಆಗಿದೆ.

2007ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 12 ಹೆಂಗಸರ ವಿವರ ಪ್ರಕಟಿಸಿದರು. ಅವರಲ್ಲಿ 11 ಮಂದಿಗೆ ಅಂಡಾಶಯದ ಟೆರಟೋಮ (ಡರ್ಮಾಯ್ಡ್ ಇದೇ ಜಾತಿಯ ಗಡ್ಡೆ) ಇತ್ತು. ಗಡ್ಡೆಯೊಳಗಿನ ನರಕೋಶಗಳ ಮೇಲೆ ಎನ್‌ಎಂಡಿಎ ಎಂಬ ಗ್ರಾಹಕಗಳಿರುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಇವನ್ನು ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸುತ್ತದೆ. ಅದೇ ಗ್ರಾಹಕಗಳು ಮಿದುಳಿನಲ್ಲೂ ಇವೆ, ನೆನಪು ಮತ್ತು ಕಲಿಕೆಗೆ ಅವೇ ಆಧಾರ. ಪ್ರತಿಕಾಯಗಳು ಅಲ್ಲೂ ದಾಳಿ ಮಾಡುತ್ತವೆ.

ಆಮೇಲೆ ನಡೆಯುವುದಕ್ಕೆ ಒಂದು ಕ್ರಮವಿದೆ. ಎರಡು ದಿನ ಜ್ವರ, ತಲೆನೋವು. ಕೆಲವೇ ದಿನಗಳಲ್ಲಿ ನಿದ್ದೆ ಹಾರಿಹೋಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗಿ ಯಾರೋ ಕೊಲ್ಲಲು ಬರುತ್ತಿದ್ದಾರೆ ಎನ್ನುತ್ತಾಳೆ, ಒಬ್ಬಳೇ ಮಾತಾಡುತ್ತಾಳೆ, ಇದ್ದಕ್ಕಿದ್ದಂತೆ ಕಿರುಚುತ್ತಾಳೆ. ನಂತರ ಮಾತು ನಿಲ್ಲುತ್ತದೆ. ತುಟಿ, ನಾಲಿಗೆ, ದವಡೆ ತಾವಾಗಿ ಆಡತೊಡಗುತ್ತವೆ. ಕೈ ಎತ್ತಿಟ್ಟರೆ ಎತ್ತಿದಲ್ಲೇ ನಿಲ್ಲುತ್ತದೆ. ಫಿಟ್ಸ್ ಬರುತ್ತದೆ, ಉಸಿರಾಟ ತಪ್ಪುತ್ತದೆ. ನಮ್ಮ ಊರುಗಳಲ್ಲಿ ಇದನ್ನು ‘ಗಾಳಿ ಸೋಕಿದೆ’ ಎನ್ನುವವರಿಗೆ ಬರವಿಲ್ಲ. ತಾಯತ, ಮಂತ್ರವಾದಿ, ಆಮೇಲೆ ಮನೋವೈದ್ಯರು, ಕೊನೆಗೆ ನರರೋಗ ತಜ್ಞರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳಿಗೆ ಚಿಕಿತ್ಸೆ ನೀಡಿ ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ.

2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನ ಎರಡು ಮಾತನ್ನು ಸ್ಪಷ್ಟಪಡಿಸಿತು. ಶೇ 38ರಷ್ಟು ಜನರಲ್ಲಿ ಮಾತ್ರ ಗಡ್ಡೆಯಿತ್ತು, ಅದರಲ್ಲಿ ಬಹುತೇಕ ಅಂಡಾಶಯದ ಟೆರಟೋಮ. ಅಂದರೆ ಗಡ್ಡೆಯಿಲ್ಲದೆಯೂ ಈ ಕಾಯಿಲೆ ಬರುತ್ತದೆ, ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ಎರಡನೆಯದು ಸಮಾಧಾನದ ಮಾತು: ಎರಡು ವರ್ಷಗಳ ಕೊನೆಗೆ ಶೇ 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೆನ್ನುಹುರಿಯ ದ್ರವದಲ್ಲಿ ಪ್ರತಿಕಾಯ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಗಡ್ಡೆಯಿದ್ದರೆ ಬೇಗ ತೆಗೆಯುವುದು, ಜತೆಗೆ ಪ್ರತಿರಕ್ಷೆಯನ್ನು ತಗ್ಗಿಸುವ ಚಿಕಿತ್ಸೆ. ಜೀವಮಾನವಿಡೀ ‘ಹುಚ್ಚಿ’ ಎನಿಸಿಕೊಳ್ಳಬೇಕಿದ್ದವಳು ಮತ್ತೆ ಕಾಲೇಜಿಗೆ ಹೋಗುತ್ತಾಳೆ.

ಹಸುಳೆಯ ಕೆಂಪು ಮಚ್ಚೆ

ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಉಬ್ಬಿ, ಒಂದೆರಡು ವರ್ಷಗಳ ನಂತರ ತಾನಾಗಿ ಮಾಸುವ ಹಿಮಾಂಜಿಯೋಮ ಹಸುಳೆಗಳಲ್ಲಿ ಅತಿ ಸಾಮಾನ್ಯವಾದ ಗಡ್ಡೆ. ನೂರರಲ್ಲಿ ನಾಲ್ಕೈದು ಮಕ್ಕಳಲ್ಲಿ ಇರುತ್ತದೆ. ಕೆನ್ನೆಯ ಕೆಳಭಾಗ, ಗದ್ದ, ಕೆಳತುಟಿ, ಕುತ್ತಿಗೆಯ ಮುಂಭಾಗ, ಅಂದರೆ ಗಡ್ಡ ಬೆಳೆಯುವ ಜಾಗದಲ್ಲಿ ಹರಡಿದ್ದರೆ ಗಂಟಲೊಳಗೂ ಒಂದು ಇರಬಹುದು. ಆ ಮಗು ಉಸಿರೆಳೆದಾಗ ಗೊರಗುಟ್ಟುತ್ತದೆ. ಶೀತ, ಕಫ ಎಂದು ಸಿರಪ್ ಕುಡಿಸುತ್ತಾ ಹೋದರೆ ದಾರಿ ಇನ್ನಷ್ಟು ಕಿರಿದಾಗುತ್ತದೆ. ಯಕೃತ್ತಿನ ತುಂಬ ಹಿಮಾಂಜಿಯೋಮಗಳಿದ್ದರೆ ಅವು ಥೈರಾಯ್ಡ್ ಹಾರ್ಮೋನನ್ನು ನಾಶಮಾಡುವ ಕಿಣ್ವವನ್ನು ಹೇರಳವಾಗಿ ತಯಾರಿಸಿ, ಸರಿಯಾದ ಗ್ರಂಥಿಯಿರುವ ಮಗುವಿನಲ್ಲೂ ಹಾರ್ಮೋನ್ ಕೊರತೆ ಉಂಟುಮಾಡಬಲ್ಲವು.

ಇದಕ್ಕೆ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೊದಲ್ಲಿ, ಮೂಗಿನ ಹಿಮಾಂಜಿಯೋಮಕ್ಕೆ ಸ್ಟೀರಾಯ್ಡ್ ಪಡೆಯುತ್ತಿದ್ದ ಮಗುವಿನ ಹೃದಯ ದಪ್ಪಗಾಯಿತೆಂದು ಪ್ರೊಪ್ರನೊಲಾಲ್ ಎಂಬ ಹಳೆಯ ಹೃದಯದ ಮಾತ್ರೆ ಕೊಟ್ಟರು. ಮಾರನೆಯ ದಿನವೇ ಕಡುಕೆಂಪಿನ ಮಚ್ಚೆ ನೇರಳೆಗೆ ತಿರುಗಿ ಮೆತ್ತಗಾಗಿತ್ತು. ಲಿಯೋಟೆ-ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಇಂದು ಚಿಕಿತ್ಸೆ ಬೇಕಾದ ಮಕ್ಕಳಿಗೆ ಇದೇ ಮೊದಲ ಆಯ್ಕೆ, ವೈದ್ಯರ ನಿಗಾದಲ್ಲಿ ಮಾತ್ರ.

ವಾಸನೆ ಹೋದಾಗ, ಸ್ವಭಾವ ಬದಲಾದಾಗ

ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಹೆಚ್ಚಾಗಿ ಸಾಧುವೇ, ಬೆಳವಣಿಗೆಯೂ ನಿಧಾನ. ಆ ನಿಧಾನವೇ ರೋಗವನ್ನು ಮರೆಮಾಚುತ್ತದೆ. ಹಣೆಯ ಹಿಂದೆ, ಮೂಗಿನ ನೆತ್ತಿಯ ಮೇಲೆ ಕೂತ ಗಡ್ಡೆ ಮೊದಲು ವಾಸನೆಯ ನರವನ್ನು ಒತ್ತುತ್ತದೆ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ವರ್ಷಗಳು ಕಳೆದಂತೆ ಮುಂಗೋಪವಿಲ್ಲದವರು ರೇಗುತ್ತಾರೆ, ಚುರುಕಾಗಿದ್ದವರು ಮೂಲೆ ಹಿಡಿದು ಕೂರುತ್ತಾರೆ. ಖಿನ್ನತೆ ಎಂದೋ ಅರಳುಮರುಳು ಎಂದೋ ಮನೆಯವರು ಒಪ್ಪಿಕೊಂಡುಬಿಡುತ್ತಾರೆ. ಒಂದು ಸಿಟಿ ಸ್ಕ್ಯಾನ್ ಆ ತೀರ್ಮಾನವನ್ನು ತಲೆಕೆಳಗು ಮಾಡಬಹುದು.

ಈ ಗಡ್ಡೆ ತೆಗೆದರೆ ಬದುಕು ಎಷ್ಟು ಮರಳುತ್ತದೆ ಎಂಬುದಕ್ಕೆ ಅಮೆರಿಕದ ಸೇನಾನಿ ಲಿಯೊನಾರ್ಡ್ ವುಡ್ ಸಾಕ್ಷಿ. 1910ರಲ್ಲಿ ಹಾರ್ವಿ ಕುಶಿಂಗ್ ಆತನ ಮಿದುಳಿನ ಗಡ್ಡೆ ತೆಗೆದರು. ವುಡ್ ಸೇನಾ ಮುಖ್ಯಸ್ಥನಾಗಿ ಕೆಲಸ ಮಾಡಿದ, 1920ರಲ್ಲಿ ಅಧ್ಯಕ್ಷ ಹುದ್ದೆಯ ಉಮೇದುವಾರಿಕೆಗೆ ಪ್ರಯತ್ನಿಸಿದ, ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಆದ. ಗಡ್ಡೆ ಮತ್ತೆ ಬೆಳೆದು, 1927ರಲ್ಲಿ ಮರುಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ. ‘ಮೆನಿಂಜಿಯೋಮ’ ಎಂಬ ಹೆಸರನ್ನು ಕುಶಿಂಗ್ 1922ರಲ್ಲಿ ಕೊಟ್ಟರು.

ರಕ್ತಪರೀಕ್ಷೆಯ ಒಂದು ಸಾಲು

ಪ್ಯಾರಾಥೈರಾಯ್ಡ್ ಅಡಿನೋಮವನ್ನು ಇಂದು ಹಿಡಿಯುವುದು ಸುಲಭ. ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿದರೆ ಸುಳಿವು ಸಿಗುತ್ತದೆ, ಎದೆಗೂಡಿನಲ್ಲಿ ಅಡಗಿದ್ದರೂ ಸೆಸ್ಟಾಮಿಬಿ ಸ್ಕ್ಯಾನ್ ತೋರಿಸಿಕೊಡುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಣಗಳೇ ಇಲ್ಲದಾಗ, ವಾಡಿಕೆಯ ರಕ್ತಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುತ್ತದೆ. ಭಾರತದಲ್ಲಿ ಮಾತ್ರ ಮೂಳೆ ಮುರಿದು, ಕಲ್ಲು ಕಟ್ಟಿ ಬರುವವರ ಪಾಲು ಈಗಲೂ ದೊಡ್ಡದು. ದವಡೆಯಲ್ಲಿ ಗಡ್ಡೆಯೆಂದು ದಂತವೈದ್ಯರ ಬಳಿ ಬಂದವರಲ್ಲಿ, ಮರುಕಳಿಸುವ ಮೇದೋಜೀರಕದ ಉರಿಯೂತವಿರುವವರಲ್ಲಿ, ಕಾರಣವಿಲ್ಲದೆ ಮಂಕಾದವರಲ್ಲಿ ಇದು ಇರಬಹುದು. ಪದೇ ಪದೇ ಕಲ್ಲು ಒಡೆಸಿಕೊಳ್ಳುವವರು ಒಮ್ಮೆಯಾದರೂ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿಕೊಂಡಿದ್ದೇವೆಯೇ ಎಂದು ಫೈಲು ತೆರೆದು ನೋಡಲಿ.

ಯಾವಾಗ ಕೇಳಬೇಕು?

• ಗಡ್ಡೆ 5 ಸೆಂಟಿಮೀಟರ್ ಮೀರಿದ್ದರೆ, ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಆಳದಲ್ಲಿ ಅಂಟಿಕೊಂಡಿದ್ದರೆ, ಹೊಸದಾಗಿ ನೋವು ಶುರುವಾಗಿದ್ದರೆ.
• ಗಡ್ಡೆಯಿರುವ ಕೈ ಅಥವಾ ಕಾಲಿನಲ್ಲಿ ಬಲ ಕುಂದಿದರೆ, ಬೆರಳು ಏಳದಿದ್ದರೆ.
• ಮಗುವಿನ ಬೆನ್ನಿನ ನಡುವಿನ ಉಬ್ಬು, ಗುಳಿ, ಕೂದಲ ಗೊಂಚಲು ಕಂಡರೆ. ಗದ್ದದ ಸುತ್ತ ಕೆಂಪು ಮಚ್ಚೆಯ ಜತೆ ಉಸಿರಿನ ಸದ್ದಿದ್ದರೆ.
• ಚಿಕ್ಕ ವಯಸ್ಸಿನವರ ವರ್ತನೆ ಕೆಲವೇ ದಿನ, ವಾರಗಳಲ್ಲಿ ಪೂರ್ತಿ ಬದಲಾದರೆ, ಜತೆಗೆ ಫಿಟ್ಸ್ ಅಥವಾ ಬಾಯಿಯ ವಿಚಿತ್ರ ಚಲನೆ ಇದ್ದರೆ.
• ಗಡ್ಡೆಗೆ ಬಿಸಿ ಎಣ್ಣೆ ತಿಕ್ಕುವುದು, ಪಟ್ಟು ಹಾಕುವುದು, ಮನೆಯಲ್ಲೇ ಕೊಯ್ಯಿಸುವುದು ಬೇಡ. ತೆಗೆಸಿದ ಪ್ರತಿ ಗಡ್ಡೆಯೂ ಪ್ರಯೋಗಾಲಯಕ್ಕೆ ಹೋಗಲಿ.

ಇದನ್ನೆಲ್ಲ ಓದಿ ಭುಜದ ಮೇಲಿನ ಹಳೆಯ ಗಂಟಿಗೆ ಎಂಆರ್‌ಐ ಮಾಡಿಸಲು ಓಡಬೇಕಾಗಿಲ್ಲ. ಸಣ್ಣದಾಗಿ, ಮೆತ್ತಗೆ, ವರ್ಷಗಳಿಂದ ಹಾಗೇ ಇದ್ದರೆ ಅದು ಹಾಗೇ ಇರಲಿ. ಬದಲಾಗಬೇಕಾದದ್ದು ವೈದ್ಯರೆದುರು ನಾವು ಕೇಳುವ ಪ್ರಶ್ನೆ. ‘ಕ್ಯಾನ್ಸರ್ ಅಲ್ಲ ತಾನೇ?’ ಎಂದು ಕೇಳಿ ಎದ್ದು ಬರುವವರೇ ಹೆಚ್ಚು. ‘ಇದು ಏನನ್ನಾದರೂ ಒತ್ತುತ್ತಿದೆಯೇ? ಏನನ್ನಾದರೂ ಸ್ರವಿಸುತ್ತಿದೆಯೇ? ನನ್ನ ಬೇರೆ ತೊಂದರೆಗೂ ಇದಕ್ಕೂ ಸಂಬಂಧವಿರಬಹುದೇ?’ ಎಂದೂ ಕೇಳಿ. ಹತ್ತು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಯ ಬಯಾಪ್ಸಿ ವರದಿಯನ್ನು ಎಸೆಯಬೇಡಿ. ಶ್ವಾಸಕೋಶದ ಕಲೆಗೆ ಕೀಮೋ ಕೊಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಆ ಹಾಳೆಯೇ ಮೊದಲ ಸುಳಿವಾಗಬಹುದು.